ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸಿಗದ ಕಿಣ್ವ

ತೀರ್ಥಹಳ್ಳಿಯ ಆಸುಪಾಸಿನ ಹಳ್ಳಿಗಳಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಮಂಡಗದ್ದೆಯ ದಾರಿಯಾಗಿ ಶಿವಮೊಗ್ಗದ ನಮ್ಮ ಪ್ರಯೋಗಾಲಯಕ್ಕೆ ತಂದು ರಕ್ತದೊತ್ತಡ ಏರಿಸುವುದರಲ್ಲಿ ಪಾತ್ರವಿರುವ ಎಸಿಇ (ಆಂಜಿಯೊಟೆನ್ಸಿನ್ ಪರಿವರ್ತಕ ಕಿಣ್ವ) ಎಂಬ ಕಿಣ್ವವನ್ನು ಮೊದಲ ಸಲ ಅಳೆದಾಗ, ಎಲ್ಲ ಮಾದರಿಗಳಲ್ಲೂ ಅದರ ಚಟುವಟಿಕೆ ಹೆಚ್ಚುಕಡಿಮೆ ಸೊನ್ನೆ ಎಂದೇ ಬಂತು. ತಪ್ಪು ನನ್ನದೇ ಆಗಿತ್ತು. ಡಿಎನ್‌ಎಗಾಗಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದಿದ್ದ ರಕ್ತದ ಪ್ಲಾಸ್ಮಾವನ್ನೇ ಕಿಣ್ವದ ಪರೀಕ್ಷೆಗೂ ಬಳಸಿದ್ದೆ. ಆ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ, ರಕ್ತ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಹಾಗೆಯೇ ಸತುವನ್ನೂ ಹಿಡಿದುಕೊಳ್ಳುತ್ತದೆ. ಎಸಿಇಯ ಎರಡು ಸಕ್ರಿಯ ಸ್ಥಾನಗಳಲ್ಲಿಯೂ ಒಂದೊಂದು ಸತುವಿನ ಅಯಾನು ಕೂತಿರುತ್ತದೆ. ಅದು ಕಳಚಿಹೋದರೆ ಕಿಣ್ವ ಇದ್ದೂ ಇಲ್ಲದಂತೆ. ಅಂದಿನಿಂದ ಪ್ರತಿಯೊಬ್ಬರಿಂದಲೂ ಡಿಎನ್‌ಎಗೆ ನೇರಳೆ ಮುಚ್ಚಳದ್ದೊಂದು, ಕಿಣ್ವಕ್ಕೆ ಇಡಿಟಿಎ ಇಲ್ಲದ ಕೆಂಪು ಮುಚ್ಚಳದ್ದೊಂದು, ಹೀಗೆ ಎರಡು ಟ್ಯೂಬುಗಳಲ್ಲಿ ರಕ್ತ ತೆಗೆದುಕೊಳ್ಳುತ್ತೇನೆ.

ಯಕೃತ್ತು ತಯಾರಿಸುವ ಆಂಜಿಯೊಟೆನ್ಸಿನೊಜೆನ್ ಎಂಬ ಪ್ರೋಟೀನನ್ನು ಮೂತ್ರಪಿಂಡದಿಂದ ಬರುವ ರೆನಿನ್ ಕತ್ತರಿಸಿ, ಹತ್ತು ಅಮೈನೋ ಆಮ್ಲಗಳ ಆಂಜಿಯೊಟೆನ್ಸಿನ್-1 ಅನ್ನು ಬಿಡಿಸುತ್ತದೆ. ಅದರ ತುದಿಯ ಎರಡನ್ನು ಎಸಿಇ ತೆಗೆದುಹಾಕಿದಾಗ ಉಳಿಯುವ ಎಂಟರ ಸರಪಳಿಯೇ ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುವ ಆಂಜಿಯೊಟೆನ್ಸಿನ್-2. ಪ್ರಯೋಗಾಲಯದಲ್ಲಿ ನಾನು ಕೊಡುವ ಕೃತಕ ತುಣುಕಿನಲ್ಲಿಯೂ ಆ ತುದಿಯ ಜೋಡಿಯೇ ಇದೆ: ಹಿಪ್ಪುರಿಲ್-ಹಿಸ್ಟಿಡಿಲ್-ಲ್ಯೂಸಿನ್. ಕಿಣ್ವ ಅದನ್ನು ಕತ್ತರಿಸಿದಾಗ ಹಿಪ್ಪುರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದನ್ನು ಈಥೈಲ್ ಅಸಿಟೇಟಿನಲ್ಲಿ ಎಳೆದು, ದ್ರಾವಕವನ್ನು ಆವಿಯಾಗಿಸಿ, ನೀರಿನಲ್ಲಿ ಕರಗಿಸಿ 228 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುವ ಈ ವಿಧಾನ 1971ರಿಂದ ಬಳಕೆಯಲ್ಲಿದೆ. ಈಥೈಲ್ ಅಸಿಟೇಟ್ ತಾನೇ ಆ ತರಂಗಾಂತರದ ಬೆಳಕನ್ನು ಹೀರುವುದರಿಂದ, ಟ್ಯೂಬಿನ ತಳದಲ್ಲಿ ಅದರ ವಾಸನೆ ಸ್ವಲ್ಪ ಉಳಿದಿದ್ದರೂ ನಾನು ಓದನ್ನು ನಂಬುವುದಿಲ್ಲ. ಮಿಶ್ರಣದಲ್ಲಿ ಉಪ್ಪು ಸಾಕಷ್ಟು ಇರಬೇಕು, ಏಕೆಂದರೆ ಕ್ಲೋರೈಡ್ ಇಲ್ಲದೆ ಈ ಕಿಣ್ವ ಸರಿಯಾಗಿ ಕೆಲಸ ಮಾಡದು.

ಕಿಣ್ವದ ಲೆಕ್ಕ ಸರಿಹೋದ ಮೇಲೆ ಡಿಎನ್‌ಎ ಕಾಡಿಸಿತು. ಎಸಿಇ ಜೀನು 17ನೆಯ ವರ್ಣತಂತುವಿನಲ್ಲಿದ್ದು, ಅದರ 16ನೆಯ ಇಂಟ್ರಾನಿನಲ್ಲಿ (ಪ್ರೋಟೀನಿನ ಸಂಕೇತವಿಲ್ಲದ ಭಾಗದಲ್ಲಿ) 287 ಅಕ್ಷರಗಳ ಒಂದು ತುಣುಕು ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಇದ್ದರೆ ಐ, ಇಲ್ಲದಿದ್ದರೆ ಡಿ. ಪ್ರತಿಯೊಬ್ಬರಲ್ಲೂ ಜೀನಿನ ಎರಡು ಪ್ರತಿಗಳಿರುವುದರಿಂದ ಒಬ್ಬರು ಐಐ, ಐಡಿ ಅಥವಾ ಡಿಡಿ ಆಗಿರುತ್ತಾರೆ. ಈ ತುಣುಕು ಪ್ರೋಟೀನಿನ ಒಂದು ಅಮೈನೋ ಆಮ್ಲವನ್ನೂ ಬದಲಿಸುವುದಿಲ್ಲ. ಆದರೂ ರಕ್ತದಲ್ಲಿನ ಎಸಿಇ ಪ್ರಮಾಣದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಭಾಗ ಇದರೊಂದಿಗೇ ಹೊಂದಿಕೊಂಡಿದೆ ಎಂದು 1990ರಲ್ಲಿ ಫ್ರೆಂಚ್ ಸಂಶೋಧಕರು ತೋರಿಸಿದರು; ಡಿಡಿಯವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಆ ಭಾಗವನ್ನು ಮತ್ತೆ ಮತ್ತೆ ನಕಲಿಸುವ ಪಿಸಿಆರ್ ನಡೆಸಿ, ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಐಗೆ ಸುಮಾರು 490, ಡಿಗೆ ಸುಮಾರು 190 ಅಕ್ಷರಗಳ ಪಟ್ಟಿ ಬರುತ್ತದೆ. ನನ್ನ ಜೆಲ್‌ನಲ್ಲಿ ಡಿಡಿ ಎಂದು ಕಂಡ ಕೆಲವರ ಕಿಣ್ವದ ಮಟ್ಟ ಐಡಿಯವರಷ್ಟೇ ಇತ್ತು. ಚಿಕ್ಕ ತುಣುಕು ಬೇಗಬೇಗ ನಕಲಾಗಿ ದೊಡ್ಡದನ್ನು ಹಿಂದಕ್ಕೆ ತಳ್ಳುವುದರಿಂದ ಐಡಿಯೂ ಡಿಡಿಯಂತೆ ಕಾಣುವುದುಂಟು. ಆದ್ದರಿಂದ ಡಿಡಿ ಎಂದು ಬಂದ ಪ್ರತಿಯೊಂದನ್ನೂ, ಸೇರಿಕೊಂಡ ತುಣುಕಿನೊಳಗೇ ಅಂಟುವ ಪ್ರೈಮರಿನಿಂದ (ನಕಲನ್ನು ಆರಂಭಿಸುವ ಚಿಕ್ಕ ಡಿಎನ್‌ಎ ಎಳೆಯಿಂದ) ಮತ್ತೊಮ್ಮೆ ಓಡಿಸಿದೆ. 335ರ ಪಟ್ಟಿ ಮೂಡಿದರೆ ಅಲ್ಲಿ ಐ ಅಡಗಿತ್ತು ಎಂದರ್ಥ. ಈ ಎರಡನೆಯ ಪರೀಕ್ಷೆ ಇಲ್ಲದೆ ಡಿಡಿ ಎಂದು ಯಾರೂ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಮಾದರಿ ಮಾತ್ರ ಎರಡನೆಯ ಬಾರಿಯೂ ಡಿಡಿಯಾಗಿಯೇ ಉಳಿಯಿತು, ಆದರೆ ಅದರ ಕಿಣ್ವ ಎಲ್ಲರದಕ್ಕಿಂತ ಕಡಿಮೆ. ಮಾದರಿ ಕೊಟ್ಟ ಹಿರಿಯ ಮಹಿಳೆಯ ಮನೆಗೆ ಮತ್ತೆ ಹೋದೆ. ನಮೂನೆಯಲ್ಲಿ ‘ಔಷಧ ಇಲ್ಲ’ ಎಂದು ಬರೆದುಕೊಂಡಿದ್ದೆ. “ಅಮ್ಮ, ಬಿಪಿಗೆ ಮಾತ್ರೆ ತಗೊಳ್ತೀರಾ?” ಎಂದು ಕೇಳಿದಾಗ, “ದಿನಾ ಬೆಳಿಗ್ಗೆ ಒಂದು ತಗೊಳ್ತೀನಿ ಮಗಾ. ಅದು ಬಿಪಿದು, ಕಾಯಿಲೆದಲ್ಲ” ಎಂದರು. ಅಡಿಕೆ ಚೀಲದ ಪಕ್ಕದ ಗೂಡಿನಿಂದ ಅವರು ತೆಗೆದು ತೋರಿಸಿದ್ದು ಎನಲಾಪ್ರಿಲ್, ಅಂದರೆ ಎಸಿಇಯನ್ನೇ ತಡೆಯುವ ಮಾತ್ರೆ. ಜೀನು ಏನೇ ಹೇಳಿದರೂ ಅವರ ಕಿಣ್ವವನ್ನು ಮಾತ್ರೆ ಕಟ್ಟಿಹಾಕಿತ್ತು. ಒಣಕೆಮ್ಮು ಬಿಡುತ್ತಿಲ್ಲವೆಂದೂ ಹೇಳಿದರು. ಎಸಿಇ ಬ್ರಾಡಿಕೈನಿನ್ ಎಂಬ ಪದಾರ್ಥವನ್ನೂ ಒಡೆಯುವುದರಿಂದ, ಅದನ್ನು ತಡೆದಾಗ ಕೆಲವರಿಗೆ ಹೀಗೆ ಕೆಮ್ಮು ಬರುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಅದರ ಪೊಟ್ಟಣವನ್ನೇ ವೈದ್ಯರಿಗೆ ತೋರಿಸಿ ಕೆಮ್ಮಿನ ವಿಷಯ ಹೇಳುವಂತೆ ಕೇಳಿಕೊಂಡು ಬಂದೆ. ಈಗ ನಾನು ಔಷಧದ ಬಗ್ಗೆ ಪ್ರಶ್ನೆ ಕೇಳುವುದಿಲ್ಲ, ಮನೆಯಲ್ಲಿರುವ ಮಾತ್ರೆಗಳನ್ನು ತಂದು ತೋರಿಸಲು ಹೇಳುತ್ತೇನೆ.

ಇಷ್ಟಾದರೂ ಕಿಣ್ವ ಹೆಚ್ಚಿದ್ದವರ ಒತ್ತಡವೆಲ್ಲ ಹೆಚ್ಚಿರಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಎಸಿಇಯ 1199ನೆಯ ಸ್ಥಾನದಲ್ಲಿ ಪ್ರೋಲೀನಿನ ಬದಲು ಲ್ಯೂಸಿನ್ ಬಂದವರಲ್ಲಿ ಕಿಣ್ವವು ಜೀವಕೋಶದ ಪೊರೆಯಿಂದ ಸುಲಭವಾಗಿ ಕಳಚಿ ರಕ್ತಕ್ಕೆ ಸೇರಿ, ರಕ್ತದಲ್ಲಿನ ಮಟ್ಟ ಸುಮಾರು ಐದು ಪಟ್ಟು ಏರುತ್ತದೆ. ಆದರೂ ಅವರಿಗೆ ಅದರಿಂದ ತೊಂದರೆ ಕಂಡುಬಂದಿಲ್ಲ. ದೇಹದಲ್ಲಿ ಎಸಿಇ ಅಗತ್ಯಕ್ಕಿಂತ ಹೆಚ್ಚೇ ಇರುವುದರಿಂದ ಹರಿವನ್ನು ನಿರ್ಧರಿಸುವ ಕಿರಿದಾದ ತೂಬು ಅದಲ್ಲ, ರೆನಿನ್. ರಕ್ತದಲ್ಲಿ ಆಂಜಿಯೊಟೆನ್ಸಿನೊಜೆನ್ ರೆನಿನ್ ತನ್ನ ಗರಿಷ್ಠ ವೇಗದ ಅರ್ಧದಲ್ಲಿ ಕೆಲಸ ಮಾಡಲು ಬೇಕಾಗುವಷ್ಟರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಈ ಪ್ರೋಟೀನು ಸ್ವಲ್ಪ ಹೆಚ್ಚಿದರೂ ರೆನಿನ್‌ನ ಕೆಲಸ ಹೆಚ್ಚುತ್ತದೆ. ಈ ಪ್ರೋಟೀನಿನ 235ನೆಯ ಸ್ಥಾನದಲ್ಲಿ ಮೆಥಿಯೋನಿನ್ ಬದಲು ಥ್ರಿಯೋನಿನ್ ಇರುವವರಲ್ಲಿ ಅದರ ಮಟ್ಟ ತುಸು ಹೆಚ್ಚಿರುತ್ತದೆ ಎಂದು 1992ರಲ್ಲಿ ವರದಿಯಾಯಿತು. ಆ ಬದಲಾವಣೆಯ ಜೊತೆಗೇ ಸಾಗಿಬರುವ, ಜೀನಿನ ಆರಂಭಕ್ಕೆ ಆರು ಅಕ್ಷರ ಮೊದಲಿನ ಇನ್ನೊಂದು ಬದಲಾವಣೆಯೇ ಈ ಹೆಚ್ಚಳಕ್ಕೆ ಕಾರಣವಿರಬೇಕು ಎಂಬ ವಾದವೂ ಬಲವಾಗಿದೆ.

ಹಾಗಾಗಿ ಈ ಮಳೆಗಾಲದಲ್ಲಿ ಅದೇ ಡಿಎನ್‌ಎ ಮಾದರಿಗಳನ್ನು ಮತ್ತೆ ಹೊರತೆಗೆದು, 235ನೆಯ ಸ್ಥಾನ ಮತ್ತು ಆ ಇನ್ನೊಂದು ಅಕ್ಷರ ಎರಡನ್ನೂ ಓದುತ್ತಿದ್ದೇನೆ. ಆ ಹಿರಿಯ ಮಹಿಳೆಯ ಮಾದರಿಯನ್ನು ಮಾತ್ರ, ಮಾತ್ರೆಯ ಹೆಸರನ್ನು ಪಕ್ಕದಲ್ಲಿ ಬರೆದು, ಬೇರೆ ಸಾಲಿನಲ್ಲಿ ಇಟ್ಟಿದ್ದೇನೆ.