ಗುಜರಿ ಸಾಮಾನಿನಲ್ಲಿ ಇಂಟರ್‌ಕೂಲರ್ ಸ್ಪ್ರೇ: ನನ್ನ ಅನುಭವ

"ಗಾಡಿಗೆ ದಿನಾ ಸ್ನಾನ ಮಾಡಿಸ್ತೀರೇನ್ರೀ?" ಅಂತ ನಮ್ಮ ಹೊಸಪೇಟೆ ಮೇಸ್ತ್ರಿ ನಕ್ಕು ಎರಡು ವರ್ಷ ಆಯಿತು. ಕಳೆದ ತಿಂಗಳು ಅವರೇ ಬಾನೆಟ್ ಎತ್ತಿಸಿ, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ನೋಡಿದ್ದು ಇಂಟರ್‌ಕೂಲರ್ ಮೇಲೆ, ಅಂದರೆ ಟರ್ಬೋ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮುಂಚೆ ತಣ್ಣಗಾಗಿಸುವ ಜಾಲರಿಯ ಮೇಲೆ, ನೀರು ಚಿಮ್ಮಿಸಲು ನಾನೇ ಮಾಡಿಕೊಂಡ ಏರ್ಪಾಡನ್ನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 2.2 ಲೀಟರ್ ಡೀಸೆಲ್. ಇಂಟರ್‌ಕೂಲರ್ ಎಂಜಿನ್ ಮೇಲೆ, ಬಾನೆಟ್ ಸ್ಕೂಪಿನ (ಗಾಳಿ ಒಳಗೆ ಬರುವ ಕಿಂಡಿ) ಕೆಳಗೆ. ಯಾವ ಗಾಡಿ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಮಾವನ ಮನೆ ಕುಮಟಾದಲ್ಲಿ. ವಾಪಸ್ ಬರುವಾಗ ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತಬೇಕು. ಮುಂದೆ ಲೋಡ್ ಲಾರಿ, ಎರಡನೇ ಗೇರು, ಸ್ಕೂಪಿಗೆ ಗಾಳಿಯೇ ಇಲ್ಲ, ಇಂಟರ್‌ಕೂಲರ್ ಕಾದಿರುತ್ತೆ. ಓವರ್‌ಟೇಕಿಗೆ ಜಾಗ ಸಿಕ್ಕಾಗ ಕಾಲು ಒತ್ತಿದರೆ ಗಾಡಿ ಏಳುವುದೇ ಇಲ್ಲ. ಸುಬಾರು ಇಂಪ್ರೆಜಾ ಎಸ್‌ಟಿಐ, ಮಿತ್ಸುಬಿಷಿ ಲ್ಯಾನ್ಸರ್ ಇವೊ ಕಾರುಗಳಿಗೆ ಕಂಪನಿಯಿಂದಲೇ ಇಂಟರ್‌ಕೂಲರ್ ಮೇಲೆ ನೀರು ಚಿಮ್ಮಿಸುವ ಏರ್ಪಾಡು ಬರುತ್ತಿತ್ತು. ನಾವೂ ಮಾಡಿದರಾಯಿತು ಅಂದುಕೊಂಡೆ. ಹೊರಗಿಂದ ಕಿಟ್ ತರಿಸಲು ವಿಚಾರಿಸಿದರೆ ಹದಿನೈದು ಸಾವಿರದ ಮೇಲೆ. ಸೀದಾ ಗುಜರಿಗೆ ಹೋದೆ.

ಮೊದಲು ತಂದಿದ್ದು ಮಾರುತಿ 800ರ ವಾಷರ್ ಪಂಪ್, 120 ರೂಪಾಯಿ. ಗಾಜಿಗೆ ನೀರು ಹಾರಿಸಲು ಅದು ಸಾಕು, ಇಂಟರ್‌ಕೂಲರಿಗೆ ಸಾಲದು. ದಪ್ಪ ಹನಿ ಬಿದ್ದು ಕೆಳಗೆ ಹರಿದು ಹೋಯಿತು. ನೀರು ಹರಿದರೆ ಪ್ರಯೋಜನವಿಲ್ಲ, ಇಂಟರ್‌ಕೂಲರಿನ ತೆಳು ತಗಡಿನ ಫಿನ್ ಮೇಲೇ ಆವಿಯಾಗಬೇಕು. ಆಮೇಲೆ ಅಪಘಾತವಾದ ಒಂದು ದುಬಾರಿ ಸೆಡಾನಿನಿಂದ ಹೆಡ್‌ಲೈಟ್ ತೊಳೆಯುವ ಪಂಪ್ ಬಿಚ್ಚಿಸಿಕೊಂಡೆ. 900 ಹೇಳಿದ, 550ಕ್ಕೆ ಕೊಟ್ಟ. ಪ್ರೆಶರ್ ಅಂದರೆ ಅದು! ನಾಜಲ್ ಮಾತ್ರ ಕಾರಿನದಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಪಂಪಿನದು, ಸಣ್ಣ ತೂತಿನ ಹಿತ್ತಾಳೆಯದು, ಎರಡು. 80 ರೂಪಾಯಿ.

ಸ್ವಿಚ್ಚಿನ ಕಥೆ ಕೇಳಿ. ಆಕ್ಸಿಲರೇಟರ್ ಮುಕ್ಕಾಲು ಒತ್ತಿದಾಗ ಪಂಪ್ ಓಡಲಿ ಅಂತ ಪೆಡಲ್ ಹಿಂದೆ ಹಳೇ ಬ್ರೇಕ್ ಲೈಟ್ ಸ್ವಿಚ್ ಕೂರಿಸಿದೆ. ಅದು ಒತ್ತಿದರೆ ಆಫ್, ಬಿಟ್ಟರೆ ಆನ್. ನನಗೆ ಬೇಕಾದ್ದು ಅದರ ಉಲ್ಟಾ. ಐದು ಪಿನ್ನಿನ ರಿಲೇ (ಕರೆಂಟಿನಿಂದ ಆಡುವ ಸ್ವಿಚ್) ತಂದು, ಅದರ ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡಿಕೊಳ್ಳುವ 87ಎ ಪಿನ್ನಿಗೆ ಪಂಪ್ ಕೊಟ್ಟೆ. ಕಾಯಿಲಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ಲೈನು, ಪಂಪಿಗೆ ನೇರ ಬ್ಯಾಟರಿ. ಹಗಲೆಲ್ಲ ಚೆನ್ನಾಗಿಯೇ ಓಡಿತು, ನಾನು ಬೀಗಿದೆ. ರಾತ್ರಿ ಕೀ ತೆಗೆದ ಕೂಡಲೇ ಕಾಯಿಲ್ ಸತ್ತು, 87ಎ ಕೂಡಿಕೊಂಡು, ಬಾಟಲಿ ಖಾಲಿಯಾಗುವ ತನಕ ಪಂಪ್ ಓಡಿದೆ. ಆಮೇಲೂ ಒಣಗಿದ್ದೇ ಓಡಿದೆ. ಬೆಳಗ್ಗೆ ನೋಡಿದರೆ ಪಂಪ್ ಸುಟ್ಟಿತ್ತು, ಬ್ಯಾಟರಿ ಮಲಗಿತ್ತು. ಇನ್ನೊಂದು ಪಂಪಿಗೆ ಮತ್ತೆ 600. ಈಗ ಎರಡೂ ಲೈನು ಇಗ್ನಿಷನ್ ಹಿಂದೆಯೇ, ನಡುವೆ 20 ಆಂಪಿಯರ್ ಫ್ಯೂಸ್. ಅಂದಹಾಗೆ, ಸ್ವಿಚ್ಚಿನ ಕ್ಲಾಂಪು ಪೆಡಲಿಗೆ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ನನ್ನದು ಒಮ್ಮೆ ಉಜ್ಜಿತ್ತು, ಪುಣ್ಯಕ್ಕೆ ಮನೆ ಅಂಗಳದಲ್ಲಿ.

ಒಂದೇ ಸಮನೆ ಚಿಮ್ಮಿದರೆ ನಾಲ್ಕು ಲೀಟರ್ ಬಾಟಲಿ ನಾಲ್ಕೈದು ನಿಮಿಷಕ್ಕೆ ಖಾಲಿ. ಅದಕ್ಕೆ ಹಳೇ ಓಮ್ನಿಯ ಇಂಟರ್‌ಮಿಟೆಂಟ್ ವೈಪರ್ ರಿಲೇ ಹಾಕಿದೆ. ಐದಾರು ಸೆಕೆಂಡಿಗೆ ಒಮ್ಮೆ ಪುಸ್ ಅನ್ನುತ್ತೆ. ಪೈಪಿನ ನೀರು ಹಿಂದಕ್ಕೆ ಹೋಗದ ಹಾಗೆ ಮೀನಿನ ತೊಟ್ಟಿಯ ವಾಲ್ವ್, 15 ರೂಪಾಯಿ. ನಾಜಲ್ ಕಟ್ಟಿಕೊಳ್ಳದ ಹಾಗೆ ಬೈಕಿನ ಪೆಟ್ರೋಲ್ ಫಿಲ್ಟರ್, 30. ಈಗ ಘಟ್ಟ ಹತ್ತಿ ಯಲ್ಲಾಪುರ ಬಂದರೂ ಅರ್ಧ ಬಾಟಲಿ ಉಳಿದಿರುತ್ತೆ.

ಮೊದಲ ದಿನ ಓಬಿಡಿ (ಗಾಡಿಯ ಸೆನ್ಸರ್ ರೀಡಿಂಗು ತೋರಿಸುವ ಸಾಧನ) ಹಾಕಿ ಫೋನಿನಲ್ಲಿ ನೋಡಿದರೆ ಇನ್‌ಟೇಕ್ ಟೆಂಪರೇಚರ್, ಅಂದರೆ ಒಳಗೆ ಹೋಗುವ ಗಾಳಿಯ ಬಿಸಿ, ಒಂದು ಡಿಗ್ರಿಯೂ ಇಳಿಯಲಿಲ್ಲ. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರ ಕಳೆದ ಮೇಲೆ ಹೊಳೆಯಿತು: ನನ್ನ ಗಾಡಿಯಲ್ಲಿ ಆ ರೀಡಿಂಗು ಬರುವುದು ಟರ್ಬೋಗಿಂತ ಮುಂಚಿನ ಸೆನ್ಸರಿನಿಂದ! ಆಮೇಲೆ 150 ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ತಂದು, ಅದರ ಪ್ರೋಬನ್ನು ಇಂಟರ್‌ಕೂಲರ್ ಔಟ್‌ಲೆಟ್ಟಿಗೆ ಟೇಪ್ ಸುತ್ತಿ ಕೂರಿಸಿದೆ. ಏಪ್ರಿಲ್ ಮಧ್ಯಾಹ್ನ ತೋರಣಗಲ್ಲಿನ ಹತ್ತಿರ ಲಾರಿ ಹಿಂದೆ 75ರ ಆಸುಪಾಸು ಇದ್ದದ್ದು 56ಕ್ಕೆ ಬಂತು. ಘಟ್ಟದ ಬುಡದಲ್ಲಿ ಮಾತ್ರ ಹತ್ತು ಡಿಗ್ರಿ ಇಳಿದರೆ ಹೆಚ್ಚು. ಕರಾವಳಿ ಸೆಕೆಯಲ್ಲಿ ಬಟ್ಟೆಯೇ ಒಣಗಲ್ಲ, ಇದೆಲ್ಲಿಂದ ಒಣಗಬೇಕು?

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಏರ್ ಕೂಲರಿನ ಹುಲ್ಲಿನ ಪ್ಯಾಡ್ ಕತ್ತರಿಸಿ ಸ್ಕೂಪಿಗೆ ತುಂಬಿ ನೆನೆಸಿದೆ. ಬರುತ್ತಿದ್ದ ಗಾಳಿಯೂ ನಿಂತು ಟೆಂಪರೇಚರ್ ನಾಲ್ಕೈದು ಡಿಗ್ರಿ ಏರಿತು. ಎಸೆದೆ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಬೋರ್‌ವೆಲ್ ನೀರು ಹಾಕಿ ಎರಡೇ ತಿಂಗಳಿಗೆ ಫಿನ್ ಮೇಲೆ ಬಿಳಿ ಪಕ್ಕು ಕಟ್ಟಿತು. ವಿನೆಗರ್ ನೀರಲ್ಲಿ ತೊಳೆದು ತೆಗೆಯುವಷ್ಟರಲ್ಲಿ ಸಾಕಾಯಿತು. ಈಗ ಮನೆಯ ಎಸಿ ಪೈಪಿನ ಕೆಳಗೆ ಬಕೆಟ್ ಇಟ್ಟಿದ್ದೇನೆ. ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ, ಪುಕ್ಕಟೆ. ಕಾರಿನ ಎಸಿ ನೀರನ್ನೇ ಹಿಡಿಯೋಣ ಅಂತ ಗಾಡಿ ಕೆಳಗೆ ಡಬ್ಬ ಕಟ್ಟಿದ್ದೆ. ಮೊದಲ ರೋಡ್ ಹಂಪಿನಲ್ಲೇ ಕಿತ್ತುಹೋಯಿತು.

ಸುಟ್ಟಿದ್ದು, ಕೆಟ್ಟಿದ್ದು ಸೇರಿಸಿ ಎರಡು ಸಾವಿರದ ಹತ್ತಿರ ಹೋಗಿದೆ. ಈಗ ಮಾಡಿದರೆ ಸಾವಿರದ ಇನ್ನೂರರಲ್ಲಿ ಮುಗಿಸುತ್ತೇನೆ. ನಾಜಲ್ ಎಷ್ಟು ದೂರ, ಯಾವ ಕೋನ ಅಂತ ಮೇಸ್ತ್ರಿ ಎರಡು ಸಲ ಕೇಳಿದರು. ನಾಲ್ಕು ಸಲ ತೂತು ಕೊರೆದು ಕಂಡುಕೊಂಡಿದ್ದು, ಅವರಿಗೂ ಹೇಳಿಲ್ಲ, ಇಲ್ಲೂ ಬರೆಯಲ್ಲ. ಸದ್ಯಕ್ಕೆ ತಲೆನೋವು ಅಂದರೆ ಮಾವನ ಮನೆಯ ಇಲಿ. ಹೋದಾಗಲೆಲ್ಲ ರಬ್ಬರ್ ಪೈಪು ಕಡಿದು ಇಡುತ್ತೆ. ಈ ಸಲ ಒಂದು ಮೀಟರ್ ಜಾಸ್ತಿಯೇ ತಗೊಂಡು ಡಿಕ್ಕಿಯಲ್ಲಿ ಹಾಕಿದ್ದೇನೆ.