ೞಕಾರವನ್ನು ನಾಲಗೆಗೆ ತಂದುಕೊಂಡ ಬಗೆ

ಪಂಪನ ಪದ್ಯಗಳನ್ನು ಗಟ್ಟಿಯಾಗಿ ಓದತೊಡಗಿದ ದಿನಗಳಲ್ಲಿ, ೞ ಎಂಬ ಅಕ್ಷರ ಎದುರಾದಾಗಲೆಲ್ಲ ನಾನು ಅದನ್ನು ಳ ಎಂದೇ ಉಚ್ಚರಿಸುತ್ತಿದ್ದೆ. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು, ಆಳ್ ಎಂದರೆ ಒಡೆತನ ನಡೆಸು. ಕವಿ ಬೇರೆಯಾಗಿಯೇ ಬರೆದ ಈ ಜೋಡಿಗಳು ನನ್ನ ಬಾಯಲ್ಲಿ ಒಂದಾಗುತ್ತಿದ್ದುದು ನನಗೆ ಸರಿಕಾಣಲಿಲ್ಲ.

ಕನ್ನಡ ಕಳೆದುಕೊಂಡ ಈ ಧ್ವನಿ ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಉಳಿದಿರುವುದರಿಂದ, ಮಲಯಾಳ ಮನೆಮಾತಿನ ಸಹೋದ್ಯೋಗಿಯೊಬ್ಬರ ಬಾಯಿಂದ ಮೞ (ಮಳೆ), ಪುೞ (ಹೊಳೆ), ವಾೞ (ಬಾಳೆ) ಎಂಬ ಪದಗಳನ್ನು ಹೇಳಿಸಿ ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ೞಕಾರವನ್ನು zh ಎಂದು ಬರೆಯುವ ಇಂಗ್ಲಿಷ್ ಕಾಗುಣಿತವನ್ನು ನಂಬಿ ಕೇರಳದ ಕೋೞಿಕ್ಕೋಡ್ ಊರಿನ ಹೆಸರನ್ನು ‘ಕೋಝಿಕ್ಕೋಡ್’ ಎಂದು ಬರೆಯುವವರು ಆ ಸಹೋದ್ಯೋಗಿಯ ಉಚ್ಚಾರಣೆಯನ್ನು ಒಮ್ಮೆ ಕೇಳಬೇಕು. ಅಲ್ಲಿ ಝಕಾರದ ಸುಳಿವೇ ಇಲ್ಲ. ಎರಡು ವಾರ ಅನುಕರಿಸಿದರೂ ನನ್ನಿಂದ ಳಕಾರವೇ ಹೊರಡುತ್ತಿತ್ತು. ಕಾರಣ ತಿಳಿದದ್ದು ನಾಲಗೆಯನ್ನು ಗಮನಿಸಿದಾಗ: ಳ ಎನ್ನುವಾಗ ಹಿಂದಕ್ಕೆ ಮಡಿಸಿದ ನಾಲಗೆಯ ತುದಿ ಅಂಗುಳಿಗೆ ತಾಗುತ್ತದೆ, ಉಸಿರು ಅದರ ಪಕ್ಕಗಳಿಂದ ಹೊರಬೀಳುತ್ತದೆ. ೞಕಾರಕ್ಕೆ ತುದಿಯನ್ನು ಅಷ್ಟೇ ಮಡಿಸಬೇಕು, ಆದರೆ ತಾಗಿಸಬಾರದು. ಉಸಿರು ನಾಲಗೆಯ ನಡುವಿನ ಮೇಲಿಂದ ತಡೆಯಿಲ್ಲದೆ ಹರಿಯಬೇಕು. ಹಾಗಾಗಿ ನಾನು ‘ಅ’ ಎಂದು ದೀರ್ಘವಾಗಿ ಎಳೆಯುತ್ತಾ, ದನಿಯನ್ನು ನಿಲ್ಲಿಸದೆ, ತುದಿಯನ್ನು ನಿಧಾನವಾಗಿ ಹಿಂದಕ್ಕೆ ಮಡಿಸುವುದನ್ನು ರೂಢಿಸಿಕೊಂಡೆ. ಮೊದಲು ಒಲಿದದ್ದು ‘ಮೞೆ’.

ಧ್ವನಿ ಕೈವಶವಾದ ಮೇಲೆ ಪದಗಳ ನಂಟು ಕಿವಿಗೇ ತಿಳಿಯತೊಡಗಿತು. ತಮಿಳಿನ ಏೞು ನಮ್ಮಲ್ಲಿ ಏಳು, ತೆಲುಗಿನಲ್ಲಿ ಏಡು. ವ್ಯಂಜನದ ಮುಂದೆ ಕನ್ನಡದ ೞಕಾರ ಮೊದಲು ರಕಾರವಾಗಿ, ಬಳಿಕ ಮುಂದಿನ ವ್ಯಂಜನದಲ್ಲಿ ಕರಗಿತು: ಪೊೞ್ತು ಪೊರ್ತಾಗಿ ಹೊತ್ತಾಯಿತು, ಕೞ್ತೆ ಕತ್ತೆಯಾಯಿತು. ಏಳಕ್ಕೂ ಎಪ್ಪತ್ತಕ್ಕೂ ಇರುವ ಸಂಬಂಧ ಎೞ್ಪತ್ತು ಎಂದು ಉಚ್ಚರಿಸಿದಾಗಲೇ ನನಗೆ ನಿಜವಾಗಿ ಮನದಟ್ಟಾಯಿತು. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿಕೊಟ್ಟಿದ್ದಾನೆ. ಆಡುಮಾತಿನಲ್ಲಿ ಆಗಲೇ ಈ ಭೇದ ಅಳಿಯುತ್ತಿದ್ದುದರಿಂದಲೇ ಅಂಥ ಪಟ್ಟಿ ಬೇಕಾಯಿತೆಂದು ನಾನು ತಿಳಿಯುತ್ತೇನೆ. ಈಗ ಪ್ರತಿದಿನ ಆ ಪಟ್ಟಿಯಿಂದ ಹತ್ತು ಪದಗಳನ್ನು ಗಟ್ಟಿಯಾಗಿ ಓದುತ್ತೇನೆ. ಓಟದ ಓದಿನಲ್ಲಿ, ಅದರಲ್ಲೂ ಒತ್ತಕ್ಷರದ ಮುಂದೆ, ನಾಲಗೆ ಇನ್ನೂ ಕೆಲವೊಮ್ಮೆ ಅಂಗುಳಿಗೆ ತಾಗಿಬಿಡುತ್ತದೆ.