ಲಿಂಕ್ ಒತ್ತುವ ಮುಂಚೆ ವಿಳಾಸ ಓದುವುದು ಹೇಗೆ?

ಜಗತ್ತಿಗೆಲ್ಲ ಒಟ್ಟಿಗೆ ತೊಂದರೆ ಬಂದಾಗ ಆನ್‌ಲೈನ್ ಕಳ್ಳರಿಗೆ ಸುಗ್ಗಿ. 2020ರ ಮಾರ್ಚ್‌ನಲ್ಲಿ ಜನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೊರೊನಾ ನಕ್ಷೆ ನೋಡುತ್ತಿದ್ದಾಗ, ಅದೇ ನಕ್ಷೆ ತೋರಿಸುತ್ತಾ ಪಾಸ್‌ವರ್ಡ್ ಕದಿಯುವ ನಕಲಿ ಆ್ಯಪ್ ಹರಿದಾಡಿತು. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಕೆಟ್ಟು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೈಕೊಟ್ಟವು. ‘ನಾವು ಸರಿ ಮಾಡಿಕೊಡ್ತೀವಿ’ ಅನ್ನುವ ನಕಲಿ ಸೈಟುಗಳು ಬೆನ್ನಿಗೇ ಹುಟ್ಟಿಕೊಂಡವು. ಇಂಥ ಲಿಂಕುಗಳ ವಿಳಾಸವನ್ನು ತುಂಬಾ ಜನ ನೋಡುತ್ತಾರೆ, ಆದರೆ ಎಡದಿಂದ ಓದುತ್ತಾರೆ. ಎಡವುವುದೇ ಅಲ್ಲಿ.

ಹಂತ 1: ಒತ್ತಬೇಡಿ. ಕಂಪ್ಯೂಟರ್‌ನಲ್ಲಿ ಲಿಂಕ್ ಮೇಲೆ ಮೌಸ್ ತಂದರೆ, ಫೋನಿನಲ್ಲಿ ಬೆರಳು ಒತ್ತಿ ಹಿಡಿದರೆ ನಿಜವಾದ ವಿಳಾಸ ಕಾಣುತ್ತದೆ. ಕೆಲವು ಫೋನುಗಳು ಪುಟದ ಮುನ್ನೋಟವನ್ನೂ ತೆರೆದುಬಿಡುತ್ತವೆ, ಅದನ್ನು ಮರೆಮಾಡಿ.

ಹಂತ 2: ಬಲದಿಂದ ಓದಿ. ಮೊದಲಿಗೆ ಬರುವ ಎರಡು ಓರೆಗೆರೆ (ಸ್ಲ್ಯಾಶ್) ಬಿಡಿ. ಅದಾದ ಮೇಲೆ ಸಿಗುವ ಮೊದಲ ಒಂಟಿ ಓರೆಗೆರೆ ಹುಡುಕಿ, ಅಲ್ಲಿ ನಿಂತು ಹಿಂದಕ್ಕೆ ಓದಿ. ಕೊನೆಯ ಡಾಟ್, ಅದರ ಬಲಕ್ಕಿರುವ ಬಾಲ, ಎಡಕ್ಕಿರುವ ಒಂದು ಪದ, ಮಾಲೀಕ ಯಾರು ಅಂತ ಹೇಳುವುದು ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ವಿಳಾಸ ‘ಡಬ್ಲ್ಯೂಎಚ್ಒ ಡಾಟ್ ಇಂಟ್’. ಈಗ ‘ಡಬ್ಲ್ಯೂಎಚ್ಒ ಡಾಟ್ ಇಂಟ್ ಡಾಟ್ ಕೊರೊನಾ-ನಕ್ಷೆ ಡಾಟ್ ಕಾಮ್’ ಅಂತ ಬಂದರೆ? ಅದರ ಮಾಲೀಕ ಕೊರೊನಾ-ನಕ್ಷೆಯವನು. ಎಡಗಡೆ ಯಾರ ಹೆಸರನ್ನು ಬೇಕಾದರೂ ಅಂಟಿಸಬಹುದು, ಯಾರೂ ಕೇಳುವುದಿಲ್ಲ. ಓರೆಗೆರೆಯ ಆಚೆ ಇರುವುದೂ ಲೆಕ್ಕಕ್ಕಿಲ್ಲ. ಆ ಓರೆಗೆರೆಗೆ ಮುಂಚೆ ‘ಕೋ ಡಾಟ್ ಯುಕೆ’ ತರಹ ಜೋಡಿ ಬಾಲ ಇದ್ದರೆ ಮಾತ್ರ ಇನ್ನೊಂದು ಪದ ಹಿಂದಕ್ಕೆ ಹೋಗಿ.

ಇನ್ನೂ ಎರಡು ಮೋಸಗಳಿವೆ. ಆ ಒಂಟಿ ಓರೆಗೆರೆಗಿಂತ ಮೊದಲೇ ‘ಅಟ್’ ಚಿಹ್ನೆ ಬಂದರೆ, ಅದರ ಎಡಕ್ಕಿರುವುದನ್ನೆಲ್ಲ ಬ್ರೌಸರ್ ಸೈಟಿನ ಹೆಸರು ಅಂತ ನೋಡುವುದೇ ಇಲ್ಲ. ಇಂಗ್ಲಿಷಿನ ಸಣ್ಣ ಆರ್, ಎನ್ ಅಕ್ಕಪಕ್ಕ ಕೂತರೆ ಎಮ್ ತರಹವೇ ಕಾಣುತ್ತವೆ, ಸಣ್ಣ ಪರದೆಯಲ್ಲಂತೂ ಗೊತ್ತೇ ಆಗುವುದಿಲ್ಲ. ಇದಕ್ಕೆ ಕಣ್ಣು ನಂಬುವುದಕ್ಕಿಂತ, ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್ ನಂಬಿ. ವಿಳಾಸ ಒಂದಕ್ಷರ ಬೇರೆಯಾದರೂ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ತುಂಬಲಿಲ್ಲ ಅಂತ ನೀವೇ ಟೈಪ್ ಮಾಡಲು ಹೋಗಬೇಡಿ, ಅಲ್ಲೇ ನಿಲ್ಲಿ.

ವಿಳಾಸದ ಪಕ್ಕ ಬೀಗದ ಗುರುತು ಇದೆ, ಹಾಗಾಗಿ ಸೇಫ್ ಅಂತ ಈಗಲೂ ಹೇಳುವವರಿದ್ದಾರೆ. ಆ ಬೀಗ ಹೇಳುವುದು ನಿಮ್ಮ ಮತ್ತು ಸೈಟಿನ ನಡುವಿನ ಮಾತು ಗುಟ್ಟಾಗಿದೆ ಅಂತ ಮಾತ್ರ. ಸೈಟಿನ ಆ ಬದಿ ಕಳ್ಳ ಕೂತಿದ್ದರೆ? ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಅವನಿಗೂ ಸಿಗುತ್ತದೆ. ಲಿಂಕ್ ಪರೀಕ್ಷಿಸಿ ಕೊಡುತ್ತೇವೆ ಅನ್ನುವ, ಊರುಪೇರು ಗೊತ್ತಿಲ್ಲದ ಆ್ಯಪ್‌ಗಳನ್ನಂತೂ ಹಾಕಿಕೊಳ್ಳಲೇಬೇಡಿ. ಅವಕ್ಕೆ ಫೋನಿನ ಅನುಮತಿಗಳೆಲ್ಲ ಯಾಕೆ ಬೇಕು, ಅಲ್ವಾ?

ಹಂತ 3: ಮೊಟಕು ಲಿಂಕ್ ಬಂದರೆ, ಕಳಿಸಿದವರ ಹತ್ತಿರ ಪೂರ್ತಿ ವಿಳಾಸ ಕೇಳಿ. ಲಿಂಕ್ ಮೊಟಕು ಮಾಡಿಕೊಡುವ ಬಿಟ್‌ಲಿ ಸೇವೆಯ ಲಿಂಕ್ ಆದರೆ ಕೊನೆಗೆ ಒಂದು ಪ್ಲಸ್ ಚಿಹ್ನೆ ಸೇರಿಸಿ ತೆರೆಯಿರಿ, ಎಲ್ಲಿಗೆ ಹೋಗುತ್ತದೆ ಅಂತ ತೋರಿಸುತ್ತದೆ.

ಹಂತ 4: ಸ್ವಲ್ಪ ಅನುಮಾನ ಇದ್ದರೂ ಲಿಂಕ್ ಬಿಟ್ಟು, ಸಂಸ್ಥೆಯ ವಿಳಾಸವನ್ನು ನೀವೇ ಟೈಪ್ ಮಾಡಿ. ಹುಡುಕಿ ಹೋಗುವುದಾದರೆ ಮೇಲೆ ಬರುವ ಜಾಹೀರಾತುಗಳನ್ನು ದಾಟಿ ಕೆಳಗಿನದು ನೋಡಿ.

ಆಗಲೇ ಒತ್ತಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ, ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ. ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಲಿಂಕುಗಳೆಲ್ಲ ಬರುವುದು ಅಲ್ಲಿಗೇ. ಆಮೇಲೆ ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಒತ್ತಿ. ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆಗೆ ಎಸ್ಸೆಮ್ಮೆಸ್‌ಗಿಂತ, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ವಾಸಿ, ಆದರೆ ಅದರ ಕೋಡನ್ನೂ ನಕಲಿ ಪುಟದಲ್ಲಿ ಹೊಡೆದರೆ ಅದೂ ಹೋಯಿತು.